ಅಂಗಳದ ಕೆಳಗಿನ ಕೊಳವೆ

ಮಾಣಿ,

ಠಾಣೆಯ ಶ್ರೀನಗರದಲ್ಲಿ ನೀನು ನೆಲಮಹಡಿಯ ಮನೆ ಹಿಡಿದೆ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದ ದಿನ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ, ಸಂತೋಷಕ್ಕೆ. ನಾನು ಕುಂದಾಪುರದ ಕಡೆಯಿಂದ ಈ ವಾಗ್ಳೆ ಎಸ್ಟೇಟಿಗೆ ಬಂದದ್ದು 1976ರಲ್ಲಿ. ಎಂಐಡಿಸಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಅದೇ ರಸ್ತೆಗಳ ನಡುವೆ ನಮ್ಮ ಮನೆಯ ಹುಡುಗನೊಬ್ಬ ತನ್ನದೇ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಾನೆ ಎಂಬುದು ನನ್ನ ಪಾಲಿಗೆ ಸಣ್ಣ ವಿಷಯವಲ್ಲ.

ಗೃಹಪ್ರವೇಶದ ದಿನ ಊಟಕ್ಕೆ ಕೂತಾಗ ನೀನು ಒಂದು ಪ್ರಶ್ನೆ ಕೇಳಿದೆ. ನ್ಯೂಜೆರ್ಸಿಯಲ್ಲಿರುವ ನನ್ನ ಮಗಳು ತನ್ನ ಮನೆಯ ವಿಮೆಗೆ ಇನ್ನಷ್ಟು ಡಾಲರು ಸೇರಿಸಿ, ನೆಲದಡಿಯ ಡ್ರೇನೇಜ್ ಕೊಳವೆ ಕೆಟ್ಟರೂ ಹಣ ಬರುವಂತೆ ಮಾಡಿಕೊಂಡಿದ್ದಾಳಂತೆ. 'ಮಾವ, ನಮ್ಮಲ್ಲೂ ಹಾಗೆ ಸಿಗುತ್ತದಾ?' ಎಂದೆ. ಎಲೆಯ ಮುಂದೆ ಕೂತು ಗಟಾರದ ಮಾತು ಬೇಡ ಎಂದು ಸುಮ್ಮನಾದೆ. ಆದರೆ ನೆಲಮಹಡಿಯಲ್ಲಿ ಇರುವವನು ಕೇಳಲೇಬೇಕಾದ ಪ್ರಶ್ನೆ ಅದು. ಹದಿನಾಲ್ಕು ವರ್ಷ ನಮ್ಮ ಸೊಸೈಟಿಯ ಖಜಾಂಚಿಯಾಗಿ ಲೆಕ್ಕ ಬರೆದವನು ನಾನು. ಉತ್ತರ ಕೊಡುವ ಹೊಣೆ ನನಗಿದೆ.

ಮೊದಲು ನ್ಯೂಜೆರ್ಸಿಯ ಅಕ್ಕನ ಮನೆಯ ವಿಷಯ. ಅಲ್ಲಿ ಅವಳದು ಒಂಟಿ ಮನೆ. ಮನೆಯಿಂದ ರಸ್ತೆಯ ದೊಡ್ಡ ಕೊಳವೆಯವರೆಗೆ ಹೋಗುವ ಲೈನು ಮನೆಯವರದ್ದೇ. ಅದು ಒಡೆದರೆ ಅಂಗಳ ಅಗೆಸಬೇಕಾದವಳೂ ಅವಳೇ. ಅಮೆರಿಕದ ಸಾಮಾನ್ಯ ಗೃಹವಿಮೆಯಲ್ಲಿ ಹಳೆಯದಾಗಿ ಸವೆದ ಕೊಳವೆಗೆ ಹಣವಿಲ್ಲ, ಗಟಾರದ ನೀರು ಹಿಂದೆ ಹರಿದು ಮನೆಯೊಳಗೆ ಬಂದರೂ ಇಲ್ಲ. ಅದಕ್ಕೆಂದೇ ಎರಡು ಬೇರೆ ಬೇರೆ ಸೇರ್ಪಡೆಗಳನ್ನು ಮಾರುತ್ತಾರೆ: ಒಂದು ನೀರು ಹಿಂದಕ್ಕೆ ಉಕ್ಕಿದರೆ, ಇನ್ನೊಂದು ಹೂತ ಲೈನು ಕೆಟ್ಟರೆ. ಅವಳು ಎರಡನೆಯದನ್ನು ಕೊಂಡಿದ್ದಾಳೆ. ಇಂಗ್ಲೆಂಡು, ವೇಲ್ಸ್‌ಗಳಲ್ಲಿ ದಾರಿಯೇ ಬೇರೆ. ಹಲವು ಮನೆಗಳು ಹಂಚಿಕೊಂಡಿದ್ದ ಖಾಸಗಿ ಕೊಳವೆಗಳನ್ನು 2011ರ ಅಕ್ಟೋಬರ್ 1ರಿಂದ ನೀರು ಮತ್ತು ಒಳಚರಂಡಿ ಕಂಪನಿಗಳಿಗೇ ವಹಿಸಿಬಿಟ್ಟರು. ಎಲ್ಲಿಯೇ ಆಗಲಿ, ವಿಮೆಯ ಮಾತಿಗಿಂತ ಮೊದಲು ಬರುವುದು 'ಕೊಳವೆ ಯಾರದು?' ಎಂಬ ಮಾತು.

ನಿನ್ನ ಕೊಳವೆ ಯಾರದು? ಊರಿನಲ್ಲಿ ಇದನ್ನು ಕೇಳುವ ಪ್ರಮೇಯವೇ ಇರಲಿಲ್ಲ. ಬಚ್ಚಲಿನ ನೀರು ತೆಂಗಿನ ಬುಡಕ್ಕೆ ಹೋಗುತ್ತಿತ್ತು, ಕಕ್ಕಸಿನದು ಹಿತ್ತಲಿನ ಹೊಂಡಕ್ಕೆ, ಎರಡೂ ನಮ್ಮದೇ. ಇಲ್ಲಿ ನಿನ್ನ ಮನೆಯೊಳಗಿನ ಬೇಸಿನ್ನು, ಸಿಂಕು, ಕಕ್ಕಸು, ಅವುಗಳಿಂದಾಗುವ ಸೋರಿಕೆ ನಿನ್ನ ಖರ್ಚು. ಗೋಡೆಯ ಹೊರಗೆ ಇಳಿಯುವ ಸಮಾನ ಪೈಪು, ಅಂಗಳದಡಿಯ ಲೈನು, ಚೇಂಬರುಗಳು, ಇದ್ದರೆ ಸೆಪ್ಟಿಕ್ ಟ್ಯಾಂಕು, ಇವೆಲ್ಲ ಸೊಸೈಟಿಯ ಖರ್ಚು ಎಂದು ಮಹಾರಾಷ್ಟ್ರದ ಮಾದರಿ ಬೈಲಾದಲ್ಲಿ ಬಿಡಿಬಿಡಿಯಾಗಿ ಬರೆದಿದೆ. ರಸ್ತೆಯಡಿಯ ದೊಡ್ಡ ಕೊಳವೆ ಠಾಣೆ ಮಹಾನಗರ ಪಾಲಿಕೆಯದು. ಹಾಗಾಗಿ ಅಕ್ಕ ಕೊಂಡಂಥ ವಿಮೆ ನಿನಗೆ ಒಬ್ಬನಿಗೇ ಮಾರುವವರು ಬಂದರೂ, ವಿಮೆ ಮಾಡಿಸಲು ನಿನ್ನದು ಎಂಬ ಲೈನು ಅಲ್ಲಿ ಇಲ್ಲ. ಇಪ್ಪತ್ತೋ ಮೂವತ್ತೋ ಮನೆಗಳು ಸೇರಿ ಒಂದು ಕೊಳವೆಯ ಮೇಲೆ ಕೂತಿದ್ದೀರಿ.

ಹಾಗಾದರೆ ವಿಮೆಯೇ ಬೇಡವೇ ಎಂದರೆ, ಬೇಕು. 2021ರ ಏಪ್ರಿಲ್ 1ರಿಂದ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿಯನ್ನು ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವಂತೆ ಮಾಡಿದೆ. ನಿನ್ನ ಬ್ಯಾಂಕಿನವರು ಸಾಲದ ಜೊತೆ ಅಂಟಿಸಿದ್ದು ಇದೇ ಎಂದುಕೊಂಡಿರಬೇಡ. ಅದರ ಕಾಗದ ತೆಗೆದು ಓದು. ಬಹಳ ಕಡೆ ಅದು ಸಾಲಗಾರನ ಜೀವಕ್ಕೆ ಮಾಡಿದ ವಿಮೆಯಾಗಿರುತ್ತದೆ. ಮನೆಯ ಒಂದು ಇಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ.

ಗೃಹ ರಕ್ಷಾದಲ್ಲಿ ಮನೆಯ ಮೊತ್ತವನ್ನು ಪೇಟೆಯ ಬೆಲೆಗೆ ಹಾಕುವುದಿಲ್ಲ, ಮತ್ತೆ ಕಟ್ಟಲು ತಗಲುವ ಖರ್ಚಿಗೆ ಹಾಕುತ್ತಾರೆ. 450 ಚದರಡಿ ಕಾರ್ಪೆಟ್ ಜಾಗ, ಅಡಿಗೆ ₹2,500 ಎಂದಿಟ್ಟುಕೊ, ₹11,25,000 ಆಯಿತು. ಅದರ ಶೇ. 20, ಅಂದರೆ ₹2,25,000ದಷ್ಟು ಮನೆಯ ಸಾಮಾನಿಗೆ ತಾನಾಗಿ ಸೇರಿಕೊಳ್ಳುತ್ತದೆ. ಹೀಗೆ ತಾನಾಗಿ ಸೇರುವುದಕ್ಕೆ ₹10 ಲಕ್ಷದ ಮಿತಿ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ನೀರು ನುಗ್ಗುವುದು, ದಂಗೆ, ಹೀಗೆ ಯಾವ ಯಾವ ಘಟನೆಗೆ ಹಣ ಎಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿ ಒಂದು ಸಾಲು ನಿನಗೆ ಮುಖ್ಯ: ನೀರಿನ ಟ್ಯಾಂಕು, ಉಪಕರಣ, ಕೊಳವೆಗಳು ಒಡೆಯುವುದು ಅಥವಾ ಉಕ್ಕಿ ಹರಿಯುವುದು.

ಈ ಸಾಲನ್ನು ಓದಿ ನಾನೂ ಒಮ್ಮೆ ನೆಮ್ಮದಿಯಿಂದ ಮಲಗಿದ್ದವನು. ಹಳೆಯ ಕಾಲದ ಬೆಂಕಿ ವಿಮೆಯ ಪಾಲಿಸಿಯಲ್ಲೂ ಇದೇ ಸಾಲು ಇತ್ತು.

2011ರ ಜುಲೈ. ರಾತ್ರಿ ಎರಡು ಗಂಟೆಗೆ ನೆಲಮಹಡಿಯವರು ಬಂದು ನನ್ನ ಬಾಗಿಲು ಬಡಿದರು. ಮೂರು ದಿನದಿಂದ ಬಿಡದೆ ಮಳೆ. ಟಾರ್ಚು ಹಿಡಿದು ಇಳಿದೆ. ಅವರ ಬಚ್ಚಲಿನ ನೆಲದಲ್ಲಿ ನೀರು ಇಳಿದುಹೋಗುವ ನಹಾಣಿ ಟ್ರ್ಯಾಪಿನಿಂದ ನೀರು ಮೇಲಕ್ಕೆ ಬರುತ್ತಿತ್ತು. ಶಬ್ದವಿಲ್ಲದೆ, ಹಾಲು ಉಕ್ಕುವ ಮೊದಲು ಪಾತ್ರೆಯಲ್ಲಿ ಏರುವ ಹಾಗೆ. ಬಚ್ಚಲು ದಾಟಿ, ಹೊಸಿಲು ದಾಟಿ, ಕೋಣೆಗೆ ಬಂದಿತ್ತು. ಕಪ್ಪು ನೀರು, ಅದರ ಮೇಲೆ ಚಹಾದ ಚರಟ, ಸಾಬೂನಿನ ನೊರೆ, ಮೂರನೆಯ ಮಹಡಿಯವರು ರಾತ್ರಿ ಉಂಡು ತೊಳೆದ ಅನ್ನದ ಅಗುಳು. ಆ ಮನೆಯ ಹುಡುಗಿ ಹತ್ತನೆಯ ತರಗತಿ. ಅವಳು ಮಂಚದ ಮೇಲೆ ನಿಂತು ಪುಸ್ತಕಗಳನ್ನು ಒಂದೊಂದಾಗಿ ಅಟ್ಟಕ್ಕೆ ಎಸೆಯುತ್ತಿದ್ದಳು. ಮೇಲಿನವರಿಗೆ ನಲ್ಲಿ ಬಿಡಬೇಡಿ ಎಂದು ಹೇಳಲು ನಾನು ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ಒಂದು ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ; ಅವರ ಫ್ಲಶ್ಶಿನ ಸದ್ದು ಕೇಳಿಸಿದ ಒಂದು ನಿಮಿಷಕ್ಕೆ ಕೆಳಗೆ ನೀರು ಒಂದು ಬೆರಳು ಏರಿತು.

ಬೆಳಿಗ್ಗೆ ಅಂಗಳ ಅಗೆಸಿದೆವು. ಆರಿಂಚಿನ ಸ್ಟೋನ್‌ವೇರ್ ಪೈಪು, ಮಣ್ಣು ಸುಟ್ಟು ಮೆರುಗು ಹಾಕಿದ ಹಳೆಯ ಕಾಲದ್ದು. ಜೋಡಣೆಯ ಸಿಮೆಂಟು ಬಿಟ್ಟುಕೊಂಡ ಜಾಗದಿಂದ ಕಾಂಪೌಂಡಿನ ಅರಳಿ ಮರದ ಬೇರು ಒಳಹೊಕ್ಕಿತ್ತು. ಹೊರಗೆ ನೋಡಿದರೆ ಹುಲ್ಲುಕಡ್ಡಿಯಷ್ಟು ತೆಳು. ಒಳಗೆ ಕುದುರೆಯ ಬಾಲದಷ್ಟು ದಪ್ಪ ಬೆಳೆದು, ಎಣ್ಣೆ ಜಿಡ್ಡು ಮೆತ್ತಿಕೊಂಡು ಪೈಪು ತುಂಬ ಕೂತಿತ್ತು.

ವಿಮೆಯ ಸರ್ವೇಯರು ಬಂದರು. ಸಭ್ಯ ಮನುಷ್ಯ. ಆ ಬೇರಿನ ಗೊಂಚಲನ್ನು ಕೋಲಿನಿಂದ ಎತ್ತಿ ನೋಡಿ ಕೇಳಿದ್ದು ಒಂದೇ ಮಾತು: 'ಇದು ಇಷ್ಟು ಬೆಳೆಯಲು ಎಷ್ಟು ವರ್ಷ ಬೇಕು?' ನಾನು ಉತ್ತರ ಕೊಡಲಿಲ್ಲ. ತಿಂಗಳ ಮೇಲೆ ಪತ್ರ ಬಂತು. ಇದು ಹಠಾತ್ ಘಟನೆಯಲ್ಲ, ನಿಧಾನವಾಗಿ ಹಾಳಾದದ್ದು, ಹಾಗಾಗಿ ಪೈಪಿನ ರಿಪೇರಿಗೆ ಹಣವಿಲ್ಲ. ನೆಲಮಹಡಿಯವರ ಮಂಚ, ಕಪಾಟು, ಫ್ರಿಜ್ಜು ಹೋದವಲ್ಲ ಎಂದರೆ, ಪಾಲಿಸಿ ಸೊಸೈಟಿಯ ಹೆಸರಿನಲ್ಲಿದೆ, ಕಟ್ಟಡಕ್ಕೆ ಮಾತ್ರ ಇದೆ, ಒಳಗಿನ ಸಾಮಾನಿಗಿಲ್ಲ. ಆಗ ನನಗೆ ಬಹಳ ಸಿಟ್ಟು ಬಂದಿತ್ತು. ಈಗ ಆ ಪತ್ರವನ್ನು ತೆಗೆದು ಓದಿದರೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಕಟ್ಟಡಕ್ಕೆ ವಿಮೆ ಮಾಡಿಸಿದವರು ನಾವೇ, ಸಾಮಾನು ಸೇರಿದೆಯೇ ಎಂದು ಕೇಳದವರೂ ನಾವೇ.

ಆದ್ದರಿಂದ ಹೇಳುತ್ತೇನೆ, ಪಾಲಿಸಿಯನ್ನು ಘಟನೆಯ ಕಣ್ಣಿನಿಂದ ಓದು. ಮಳೆ ಹೊಡೆದು ರಸ್ತೆಯ ನೀರು ಮನೆಗೆ ನುಗ್ಗಿತು, ಅದು ಘಟನೆ. ಟ್ಯಾಂಕು ಒಡೆದು ಛಾವಣಿ ನೆನೆಯಿತು, ಅದೂ ಘಟನೆ. ಮೂವತ್ತು ವರ್ಷದ ಪೈಪು ಮೂವತ್ತೊಂದನೆಯ ವರ್ಷ ಕುಸಿಯಿತು ಎಂಬುದು ವಯಸ್ಸು, ಅದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ಇವೆರಡರ ನಡುವೆ ಬೀಳುವುದೇ ಹೆಚ್ಚು: ಪೈಪು ಕಟ್ಟಿ ನೀರು ಉಕ್ಕಿ ಸಾಮಾನು ಹಾಳಾದದ್ದು. ಅಲ್ಲಿ ಸಾಮಾನಿನ ಹಣಕ್ಕೆ ನೀನು ಗಟ್ಟಿಯಾಗಿ ಕೇಳಬಹುದು. ಪೈಪಿನ ಹಣಕ್ಕೆ ಅದೇ ಬಲ ಇರುವುದಿಲ್ಲ. ನೀರು ಕಂಡ ಕೂಡಲೇ ತೊಳೆಯಲು ಹೋಗಬೇಡ, ಮೊದಲು ಫೋಟೋ, ವಿಡಿಯೋ. ಆ ದಿನವೇ ಕಂಪನಿಗೆ ತಿಳಿಸು, ಪಾಲಿಕೆಗೆ ದೂರು ಕೊಟ್ಟು ದೂರಿನ ನಂಬರು ಬರೆದಿಟ್ಟುಕೊ, ಕೆಟ್ಟ ಸಾಮಾನನ್ನು ಸರ್ವೇಯರು ನೋಡುವವರೆಗೆ ಗುಜರಿಗೆ ಹಾಕಬೇಡ. ಕಂಪನಿ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಇಲ್ಲವೇ ಒಪ್ಪಿಗೆಯಾಗದ ಉತ್ತರ ಕೊಟ್ಟರೆ, ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಫೀಸು ಇಲ್ಲ, ವಕೀಲರೂ ಬೇಡ.

ಅಂದ ಹಾಗೆ, ಗೃಹ ರಕ್ಷಾದಲ್ಲಿ ಸೆಪ್ಟಿಕ್ ಟ್ಯಾಂಕು, ಕಾಂಪೌಂಡು ಗೋಡೆಗಳನ್ನೂ ಮನೆಯ ಭಾಗವೆಂದೇ ಎಣಿಸುತ್ತಾರೆ. ನಿನ್ನ ಅಮ್ಮ ಒಬ್ಬಳೇ ಇರುವ ಊರಿನ ಮನೆಗೂ ಒಂದು ಮಾಡಿಸು. ಹೊಳೆ ಬದಿಯ ಮನೆ ಅದು.

ಇನ್ನು ನಿನ್ನ ಪೈಪಿಗೆ ಹಣ ಎಲ್ಲಿಂದ ಎಂಬ ಮಾತು. ನಮ್ಮಲ್ಲಿ ಆ ವರ್ಷ ಅಗೆತ, ಹೊಸ ಪಿವಿಸಿ ಲೈನು, ಮೂರು ಚೇಂಬರು ಸೇರಿ ₹1,68,000 ಬಿತ್ತು. 28 ಮನೆ, ತಲಾ ₹6,000. ವಿಶೇಷ ಸಭೆ ಕರೆದಾಗ ಮೂರನೆಯ ಮಹಡಿಯವರೊಬ್ಬರು ಎದ್ದು ನಿಂತು, 'ನಮ್ಮ ಮನೆಗೆ ನೀರು ಬರಲಿಲ್ಲ, ನಾವೇಕೆ ಕೊಡಬೇಕು?' ಎಂದರು. ಸಭೆ ಎರಡು ಪಾಲಾಯಿತು. ಆಗ ಆ ನೆಲಮಹಡಿಯ ಹೆಂಗಸು, ಅದುವರೆಗೆ ಯಾವ ಸಭೆಯಲ್ಲೂ ಬಾಯಿ ತೆರೆಯದವರು, ಮರಾಠಿಯಲ್ಲಿ ಹೇಳಿದರು: 'ನಮ್ಮ ಮನೆಗೆ ಬಂದ ನೀರು ನಮ್ಮದಲ್ಲ.' ಆಮೇಲೆ ಯಾರೂ ಮಾತಾಡಲಿಲ್ಲ. ಆದರೂ ದುಡ್ಡು ಪೂರ್ತಿ ಕೂಡಲು ಹದಿನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಪ್ಲಂಬರು ನನ್ನ ಮುಖ ನೋಡಿ ತಡೆದುಕೊಂಡ.

ಬೈಲಾದಲ್ಲಿ ಇದಕ್ಕೆ ದಾರಿ ಇಟ್ಟಿದ್ದಾರೆ. ರಿಪೇರಿ ನಿಧಿಗೆ ಪ್ರತಿ ಮನೆಯಿಂದ ವರ್ಷಕ್ಕೆ ಅದರ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.75, ಸಿಂಕಿಂಗ್ ಫಂಡಿಗೆ ಕನಿಷ್ಠ ಶೇ. 0.25. ಆದರೆ ನಿನ್ನದರಂಥ ಹಳೆಯ ಕಟ್ಟಡದಲ್ಲಿ ಒಂದು ತೊಡಕಿದೆ, ಅದನ್ನು ಗಮನಿಸು. ಕಟ್ಟುವಾಗ ಒಂದು ಮನೆಗೆ ₹60,000 ಬಿದ್ದಿತ್ತು ಎಂದಿಟ್ಟುಕೊ. ಶೇ. 0.75 ಎಂದರೆ ವರ್ಷಕ್ಕೆ ₹450. ಇಂದು ಒಬ್ಬ ಪ್ಲಂಬರನ ಅರ್ಧ ದಿನದ ಕೂಲಿಗೂ ಅದು ಸಾಲದು. ಕನಿಷ್ಠ ಎಂದರೆ ಅಷ್ಟೇ ಎಂದಲ್ಲ. ದರವನ್ನು ಏರಿಸುವ ಅಧಿಕಾರ ಸಾಮಾನ್ಯ ಸಭೆಗಿದೆ. ನೀನು ಓದಿದವನು, ಲೆಕ್ಕ ಬಲ್ಲವನು. ಎಜಿಎಂಗೆ ಹೋಗು. ಮೇಂಟೆನನ್ಸ್ ಹೆಚ್ಚಿಸಿ ಎಂದು ಎದ್ದು ನಿಂತು ಹೇಳುವವನು ಯಾರಿಗೂ ಬೇಡವಾಗುತ್ತಾನೆ, ನನಗೆ ಗೊತ್ತು. ಹತ್ತು ಜನರ ಹತ್ತು ಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಿದ್ದರು ಊರಿನಲ್ಲಿ. ನೆಲಮಹಡಿಯವನ ತಲೆಯ ಮೇಲೆ ಇಡೀ ಕಟ್ಟಡದ ಹೊರೆ ಬೀಳಬಾರದು ಎಂದಿದ್ದರೆ ತಿಂಗಳಿಗೊಂದು ಕಡ್ಡಿ ಎಲ್ಲರೂ ಎತ್ತಬೇಕು. ಕಟ್ಟಡಕ್ಕೆ ಬೆಂಕಿ ಮತ್ತು ಭೂಕಂಪದ ವಿಮೆ ಮಾಡಿಸಲೇಬೇಕು ಎಂದೂ ಅದೇ ಬೈಲಾ ಹೇಳುತ್ತದೆ. ಮಾಡಿಸಿದ್ದಾರೆಯೇ, ಕಳೆದ ಕಂತು ಯಾವಾಗ ಕಟ್ಟಿದರು ಎಂದು ಸೆಕ್ರೆಟರಿಯನ್ನು ಕೇಳು. ಹೊಸದಾಗಿ ಬಂದವನು ಎಂದು ಹಿಂಜರಿಯಬೇಡ.

ನಿಮ್ಮಲ್ಲಿ ಇನ್ನೊಂದು ಮಾತು ಕೇಳಿಸುತ್ತದೆ: 'ಹೇಗೂ ರೀಡೆವಲಪ್‌ಮೆಂಟಿಗೆ ಹೋಗುವ ಬಿಲ್ಡಿಂಗು, ಪೈಪಿಗೆ ಯಾಕೆ ಸುರಿಯುವುದು?' ಪಕ್ಕದ ಕಿಸನ್ ನಗರದಲ್ಲಿ ಹಳೆಯ ಕಟ್ಟಡಗಳನ್ನು ಒಟ್ಟಾಗಿ ಕೆಡವಿ ಕಟ್ಟುವ ಕ್ಲಸ್ಟರ್ ಯೋಜನೆಗೆ 2023ರಲ್ಲಿ ಭೂಮಿಪೂಜೆಯಾದ ಮೇಲಂತೂ ವಾಗ್ಳೆಯ ಹಳೆಯ ಕಟ್ಟಡಗಳಲ್ಲೆಲ್ಲ ಈ ಮಾತು. ಆಸೆ ಇರಲಿ. ಬಿಲ್ಡರು ಬಂದು, ಎಲ್ಲರ ಸಹಿಯಾಗಿ, ಮನೆ ಖಾಲಿ ಮಾಡುವ ದಿನದವರೆಗೆ ಎಷ್ಟು ಮಳೆಗಾಲ ಬರುತ್ತವೆಯೋ ಅಷ್ಟೂ ಮಳೆಗಾಲ ನಿನ್ನ ಬಚ್ಚಲಿನ ಕೆಳಗೇ ಹಾದುಹೋಗಬೇಕು. ಯೆವೂರು ಬೆಟ್ಟದಿಂದ ಇಳಿದ ನೀರು ಖಾಡಿ ಸೇರಲು ವಾಗ್ಳೆಯ ನಾಲೆಗಳನ್ನೇ ದಾಟುತ್ತದೆ. ಮಳೆಯೂ ಖಾಡಿಯ ಭರತವೂ ಒಂದೇ ಹೊತ್ತಿಗೆ ಬಂದರೆ ನೀರಿಗೆ ಮುಂದೆ ಹೋಗಲು ದಾರಿಯಿಲ್ಲ.

ಪಕ್ಕದ ಪ್ಲಾಟಿನಲ್ಲಿ ಪಾಯ ಅಗೆಯಲು ಯಂತ್ರ ಬಂತು ಎಂದಾದರೆ, ಅದಕ್ಕೆ ಮೊದಲೇ ನಿಮ್ಮ ಅಂಗಳ, ಚೇಂಬರು, ಗೋಡೆಗಳ ಫೋಟೋವನ್ನು ದಿನಾಂಕ ಸಮೇತ ತೆಗೆದಿಡು. ನೆಲ ಕುಸಿದರೆ ಗೃಹ ರಕ್ಷಾ ಹಣ ಕೊಡುತ್ತದೆ, ನಿಜ. ಆದರೆ ತುಂಬಿಸಿದ ಮಣ್ಣು ಕೂತದ್ದಕ್ಕೆ, ಕಳಪೆ ಕೆಲಸಕ್ಕೆ, ಅಗೆತದಿಂದಾದ ಕುಸಿತಕ್ಕೆ ಕೊಡುವುದಿಲ್ಲ ಎಂದು ಅದೇ ಪುಟದಲ್ಲಿ ಬರೆದಿದೆ. ಆಗ ಕೇಳಬೇಕಾದದ್ದು ಅಗೆದವನನ್ನು. ಕೇಳಲು ಸಾಕ್ಷಿ ಬೇಕು.

ಅಡುಗೆಮನೆಯ ಮಾತನ್ನು ನಾನು ಕ್ಯಾಂಟೀನಿನವನಾಗಿ ಹೇಳುತ್ತೇನೆ. ನಿನ್ನ ಹೆಂಡತಿಗೆ ಮಾತ್ರ ಹೇಳುವುದಲ್ಲ, ನೀನೂ ಪಾತ್ರೆ ತೊಳೆಯುವವನು. ಬಿಸಿ ಇದ್ದಾಗ ಎಣ್ಣೆ ನೀರಿನಂತೆ ಇಳಿಯುತ್ತದೆ, ಹತ್ತು ಅಡಿ ಹೋಗಿ ತಣಿದು ಮೇಣವಾಗುತ್ತದೆ. ಕರಿದ ಎಣ್ಣೆ, ಬಂಗುಡೆ ಸಾರಿನ ಜಿಡ್ಡು, ತೆಂಗಿನಹಾಲು, ಎಲ್ಲದಕ್ಕೂ ಇದೇ ಗತಿ. ಬಿಸಿನೀರು ಸುರಿದರೆ ಕರಗಿತು ಎನ್ನುತ್ತಾರೆ. ಅದು ಕರಗಿ ಇನ್ನು ಇಪ್ಪತ್ತಡಿ ಆಚೆ ಮತ್ತೆ ಕೂರುತ್ತದೆ, ಕೈಗೆ ಸಿಗದ ಜಾಗದಲ್ಲಿ. ನಮ್ಮ ಕ್ಯಾಂಟೀನಿನ ಸಿಂಕಿನ ಹೊರಗೆ ಜಿಡ್ಡು ಹಿಡಿಯುವ ಒಂದು ತೊಟ್ಟಿ ಇತ್ತು. ಅದನ್ನು ವಾರಕ್ಕೊಮ್ಮೆ ಕೆರೆದು ತೆಗೆಯುವುದು ನನ್ನ ಕೆಲಸ. ಒಂದು ಡಬ್ಬಿ ತುಂಬ ಬಿಳಿಯ ಕೊಬ್ಬು ಬರುತ್ತಿತ್ತು. ಬಾಣಲೆಯನ್ನು ತೊಳೆಯುವ ಮೊದಲು ಹಳೆಯ ಪೇಪರಿನಿಂದ ಒರೆಸಿ ಕಸಕ್ಕೆ ಹಾಕು, ಅಷ್ಟು ಸಾಕು. ಸ್ಯಾನಿಟರಿ ಪ್ಯಾಡು, ಮಗುವಿನ ಡೈಪರು, ಒದ್ದೆ ಟಿಶ್ಯೂ ಕಕ್ಕಸಿಗೆ ಹೋಗಬಾರದು. ನಾಲ್ಕು ಬಕೆಟು ನೀರು ಒಟ್ಟಿಗೆ ಬಿಟ್ಟಾಗ ನಹಾಣಿಯಲ್ಲಿ ಗುಳುಗುಳು ಸದ್ದು ಬಂದರೆ ಕೆಳಗೆ ಗಾಳಿಗೆ ದಾರಿಯಿಲ್ಲ ಎಂದರ್ಥ. ಅದೇ ದಿನ ಚೇಂಬರು ತೆಗೆಸು.

ತೆಗೆಸು ಎಂದೆ, ಇಳಿಸು ಎನ್ನಲಿಲ್ಲ. ಈ ಪತ್ರದಲ್ಲಿ ನೀನು ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡ. ಯಾವ ಕಾರಣಕ್ಕೂ, ಎಷ್ಟೇ ನಾತ ಬರಲಿ, ಮನೆಯೊಳಗೆ ಎಷ್ಟೇ ನೀರು ಇರಲಿ, ಒಬ್ಬ ಮನುಷ್ಯನನ್ನು ಚೇಂಬರಿಗೋ ಟ್ಯಾಂಕಿಗೋ ಇಳಿಸಬೇಡ. ನಮ್ಮದೇ ಠಾಣೆಯ ಢೋಕಾಳಿಯಲ್ಲಿ, 2019ರ ಮೇ ತಿಂಗಳಲ್ಲಿ, ಒಂದು ವಸತಿ ಸಂಕೀರ್ಣದ ಕೊಳಚೆ ಶುದ್ಧೀಕರಣ ಟ್ಯಾಂಕು ಶುಚಿ ಮಾಡಲು ಇಳಿದ ಮೂವರು ಸತ್ತರು. ಒಳಗಿನ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಒಬ್ಬ ಬಿದ್ದ ಎಂದು ಎತ್ತಲು ಹೋದ ಇನ್ನೊಬ್ಬನನ್ನೂ ಅದು ಬಿಡುವುದಿಲ್ಲ. ರಕ್ಷಣೆಯ ಸಲಕರಣೆಯಿಲ್ಲದೆ ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಇಳಿಸಿದವರಿಗೆ ಮೊದಲ ಸಲವೇ ಎರಡು ವರ್ಷದವರೆಗೆ ಜೈಲು, ಅಥವಾ ₹2 ಲಕ್ಷದವರೆಗೆ ದಂಡ, ಅಥವಾ ಎರಡೂ. ಸತ್ತವರ ಮನೆಯವರಿಗೆ ₹10 ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರ್ 20ರಂದು ಅದನ್ನು ₹30 ಲಕ್ಷಕ್ಕೆ ಏರಿಸಿತು. ಆ 2014ರ ತೀರ್ಪಿನ ಹಿಂದೆ ಸಫಾಯಿ ಕರ್ಮಚಾರಿ ಆಂದೋಲನದ ಎಷ್ಟೋ ವರ್ಷಗಳ ಹೋರಾಟವಿದೆ. ಅದನ್ನು ಕಟ್ಟಿದವರಲ್ಲೊಬ್ಬರು ಬೆಜವಾಡ ವಿಲ್ಸನ್, ನಮ್ಮ ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿದವರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಒಬ್ಬ ಹುಡುಗ ಬಂದು 'ಸಾಹೇಬ್, ಐನೂರು ಕೊಡಿ, ಇಳಿಯುತ್ತೇನೆ' ಎಂದೇ ಎನ್ನುತ್ತಾನೆ. ಅವನ ಮನೆಯಲ್ಲಿ ಒಲೆ ಉರಿಯಬೇಕು, ಅದಕ್ಕೆ ಹಾಗೆ ಹೇಳುತ್ತಾನೆ. ಜೆಟ್ಟಿಂಗ್ ಯಂತ್ರದ ಗಾಡಿ ಕರೆಸಲು ಹೆಚ್ಚು ಹಣ, ಹೆಚ್ಚು ಹೊತ್ತು ಬೇಕಾದರೆ ಬೇಕಾಗಲಿ. ಕಮಿಟಿಯಲ್ಲಿ ಯಾರಾದರೂ ಇಳಿಸೋಣ ಎಂದರೆ, ಆ ಮಾತನ್ನು ಸಭೆಯ ನಡಾವಳಿಯಲ್ಲಿ ಬರೆಯಿರಿ ಎಂದು ನೀನು ಹೇಳು. ಬರೆಯಲು ಯಾರೂ ಒಪ್ಪುವುದಿಲ್ಲ, ಇಳಿಸುವ ಮಾತೂ ಅಲ್ಲಿಗೇ ನಿಲ್ಲುತ್ತದೆ.

ಹದಿನೈದು ವರ್ಷ ದಾಟಿದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಮೂವತ್ತು ದಾಟಿದರೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು ಎಂದು ಬೈಲಾದಲ್ಲಿದೆ. ಕಂಬ, ತೊಲೆ, ಛಾವಣಿ ನೋಡಿ ಹೋಗುತ್ತಾರೆ. ನೆಲದಡಿಯ ಲೈನಿನೊಳಗೆ ಕ್ಯಾಮೆರಾ ಬಿಟ್ಟು ನೋಡಿ ಎಂದು ನೀವು ಕೇಳಿದರೆ ಅದೂ ಆಗುತ್ತದೆ. ಮುಂದಿನ ಆಡಿಟ್ ಯಾವಾಗ ಎಂದು ವಿಚಾರಿಸು.

ನಿಮ್ಮ ಕಟ್ಟಡದ ಲೈನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಸೆಕ್ರೆಟರಿಯನ್ನು ಗೃಹಪ್ರವೇಶದ ದಿನವೇ ಕೇಳಿದ್ದೆ. ನಕ್ಷೆ ಕಳೆದಿದೆಯಂತೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಬರುತ್ತೇನೆ, ನನಗೆ ಗೊತ್ತಿರುವ ಪ್ಲಂಬರು ಜೊತೆಗೆ ಬರುತ್ತಾನೆ. ಕಬ್ಬಿಣದ ಸಲಾಕೆ ಅವನು ತರುತ್ತಾನೆ. ನೀನು ಒಂದು ಟಾರ್ಚು, ಅಳತೆ ಟೇಪು, ಒಂದು ಹಾಳೆ ಕಾಗದ ಇಟ್ಟುಕೊ. ಮೂರನೆಯ ಮಹಡಿಯವರಿಗೆ ಮೊದಲೇ ಹೇಳಿಡು: ಅವರ ಬಚ್ಚಲಿಗೆ ಒಂದು ಬಕೆಟು ಬಣ್ಣದ ನೀರು ಸುರಿಯುತ್ತೇವೆ, ಕೆಳಗೆ ಎಲ್ಲ ಚೇಂಬರುಗಳ ಮುಚ್ಚಳ ತೆಗೆದು ಯಾವುದರಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮೇಲಿಂದಲೇ ನೋಡುತ್ತೇವೆ. ಸಾಧ್ಯವಾದರೆ ಅವರನ್ನೂ ಕೆಳಗೆ ಬಂದು ನಿಲ್ಲಲು ಕರೆ. ತಿಂಡಿ ಆಮೇಲೆ ಮಾಡೋಣ.